‘ಗ್ರೇಜಿಂಗ್ ಬೋರ್ಡ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನೆಂಟರು ಬಂದಾಗ ಅಗಲವಾದ ಮರದ ಹಲಗೆಯ ಮೇಲೆ ಚೀಸ್, ಹಣ್ಣು, ಬಾದಾಮಿ, ಬಿಸ್ಕತ್ತು ಎಲ್ಲಾ ಚೆಂದವಾಗಿ ಜೋಡಿಸಿ ನಡುವೆ ಇಡುತ್ತಾರಲ್ಲ, ಅದನ್ನು ಮಾಡುವುದು ಹೇಗೆ ಅಂತ ಒಂದು ಪುಟ ಬರೆಯುತ್ತಿದ್ದೇನೆ. ಒಳಗಿನದೆಲ್ಲ ಬರೆದಾಯಿತು. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

ಇಂಗ್ಲಿಷಿನ ‘ಗ್ರೇಜ್’ ಹುಟ್ಟಿದ್ದು ‘ಗ್ರಾಸ್’ನಿಂದ, ಅಂದರೆ ಹುಲ್ಲಿನಿಂದ. ದನ ಮೇಯುವ ಮಾತು. ಊಟಕ್ಕೆ ಅಂತ ಕೂರದೆ ಆಗಾಗ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುವುದಕ್ಕೂ ಅಲ್ಲಿ ಅದೇ ಮಾತು ಬಂತು. ಹಾಗಂತ ‘ಮೇಯುವ ಹಲಗೆ’ ಅನ್ನೋಣವೇ? ಕನ್ನಡದಲ್ಲಿ ಮನುಷ್ಯರು ಮೇಯುವುದು ಬೈಗುಳದಲ್ಲಿ ಮಾತ್ರ. ‘ಬೆಳಗ್ಗೆಯಿಂದ ಮೇಯ್ತಾನೇ ಇದೀಯಲ್ಲೋ!’ ಇಲ್ಲಾಂದ್ರೆ ಬೇಲಿ ಎದ್ದು ಹೊಲ ಮೇಯುತ್ತದೆ. ನೆಂಟರನ್ನು ‘ಬನ್ನಿ, ಮೇಯಿರಿ’ ಅಂತ ಕರೆದರೆ ಇನ್ನೊಮ್ಮೆ ಬರುತ್ತಾರಾ?

‘ಶಾರ್ಕ್ಯುಟರಿ’ ಅಂದುಬಿಡು ಅಂತ ಕೆಲವರು ಹೇಳಿದರು. ಅದು ಫ್ರೆಂಚಿನಲ್ಲಿ ಮಾಂಸದ ತಿನಿಸುಗಳ ಹೆಸರು. ಬರೀ ಚೀಸು, ಹಣ್ಣು ಇರುವ ಹಲಗೆಗೆ ಒಪ್ಪುವುದಿಲ್ಲ.

ನನಗೆ ಹೊಳೆದದ್ದು ‘ಬಾಯಾಡಿಸು’. ‘ಬಾಯಾಡಿಸೋಕೆ ಏನಾದ್ರೂ ಇದೆಯಾ?’ ಅಂತ ಕೇಳುವವರಿಗೆ ಹೊಟ್ಟೆ ಹಸಿದಿರುವುದಿಲ್ಲ. ಮಾತಿನ ನಡುವೆ ಸುಮ್ನೆ ಕೈಗೆ ಏನಾದರೂ ಸಿಗಬೇಕು, ಅಷ್ಟೇ ಅಲ್ವಾ? ‘ಕುರುಕಲು’ ಹತ್ತಿರದ್ದೇ, ಆದರೆ ಅದರಲ್ಲಿ ಕುರುಂ ಕುರುಂ ಸದ್ದು ಇದೆ. ಮೆತ್ತಗಿನ ಬ್ರೀ ಚೀಸನ್ನು ಕುರುಕಲು ಆಗುವುದಿಲ್ಲ. ‘ಹೆಕ್ಕು’ ಕೂಡ ಇಷ್ಟವಾಯಿತು. ಕೋಳಿಯ ನೆನಪು ಬಂದರೂ ಬೈದ ಹಾಗೆ ಕೇಳಿಸುವುದಿಲ್ಲ. ‘ಹೆಕ್ಕುಹಲಗೆ’ ಹೇಗಿದೆ?

‘ಹಲಗೆ’ ಬೇಡ, ‘ಮಣೆ’ ಅನ್ನು ಅಂತ ಒಬ್ಬ ಗೆಳತಿ. ಮಣೆ ಕೂರುವುದಕ್ಕಲ್ಲವೇ ಅಂತ ಇನ್ನೊಬ್ಬಳು. ಲಟ್ಟಿಸುವ ಮಣೆ, ಅಳಗುಳಿಮಣೆಗಳ ಮೇಲೆ ಯಾರೂ ಕೂರುವುದಿಲ್ಲವಲ್ಲ, ಹಾಗಾಗಿ ಮೊದಲನೆಯವಳ ಕಡೆಗೇ ನನ್ನ ಮನಸ್ಸು ವಾಲುತ್ತಿದೆ. ‘ಹರಿವಾಣ’ ಬೇಡ. ಅದಕ್ಕೆ ಎತ್ತಿದ ಅಂಚು ಇರುತ್ತದೆ.

ಒಳಗೂ ತೊಡಕು ಇಲ್ಲದೆ ಇಲ್ಲ. ಮೊದಲು ಜೇನು, ಜಾಮಿನ ಪುಟ್ಟ ಬಟ್ಟಲು ಇಡಬೇಕು, ಆಮೇಲೆ ಚೀಸನ್ನು ದೂರ ದೂರ, ಆಮೇಲೆ ಹಣ್ಣು. ಕೊನೆಗೆ ಸಂದಿಯಲ್ಲಿ ಬಾದಾಮಿ, ಅಕ್ರೋಟು ‘ತುರುಕಿ’ ಅಂತ ಬರೆದಿದ್ದೆ. ಒರಟಾಯಿತು. ಈಗ ‘ಸಂದಿ ತುಂಬಿ’ ಅಂತ ಮಾಡಿದ್ದೇನೆ. ಚೀಸನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಟ್ಟರೆ ರುಚಿ, ವಾಸನೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ‘ಚೀಸಿನ ಚಳಿ ಬಿಡಿಸಿ’ ಅಂತ ಬರೆದಿದ್ದೆ! ಓದಿದವರು ನಕ್ಕು, ಅದೇನು ತಪ್ಪು ಮಾಡಿತ್ತು ಅಂತ ಕೇಳಿದರು.

ನೋಡಿದ ಕೂಡಲೇ ಚೆಂದ ಅನಿಸುವ ಜೋಡಣೆಗೂ ಒಂದು ಮಾತು ಬೇಕಿತ್ತು. ‘ಕಣ್ಣು ಕುಕ್ಕುವ’ ಅಂದರೆ ಹೊಟ್ಟೆಕಿಚ್ಚು ಇಣುಕುತ್ತದೆ. ‘ಕಣ್ಣಿಗೆ ಕಟ್ಟುವ’ ಅನ್ನುವುದು ನೋಡಿ ಆದಮೇಲೆ ಮನಸ್ಸಿನಲ್ಲಿ ಉಳಿಯುವುದಕ್ಕೆ. ಅಂಜೂರವನ್ನು ಸೀಳಿ, ಕೆಂಪು ತಿರುಳು ಮೇಲೆ ಬರುವಂತೆ ಬಿಳಿ ಚೀಸಿನ ಪಕ್ಕ ಇಡಿ. ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ಅದಕ್ಕೆ ‘ಕಣ್ಸೆಳೆಯುವ’ ಸಾಕು ಅಂದುಕೊಂಡೆ.

ಚೀಸನ್ನು ‘ಗಿಣ್ಣು’ ಅನ್ನುವ ಹಳೇ ಚಾಳಿಗೆ ನಾನಂತೂ ಹೋಗುವುದಿಲ್ಲ. ಗಿಣ್ಣು ಅಂದರೆ ಕರು ಹಾಕಿದ ಹೊಸತರ ಹಾಲು, ಅದರಿಂದ ಮಾಡಿದ ತಿನಿಸು. ಕಬ್ಬಿಗೂ ಬೆರಳಿಗೂ ಬೇರೆ ಗಿಣ್ಣು ಇದೆ. ಚೀಸ್ ಚೀಸಾಗಿಯೇ ಇರಲಿ. ಹೆಸರುಗಳಲ್ಲಿ ಮಜಾ ಇದೆ. ನೆದರ್ಲೆಂಡ್ಸಿನ ಊರೊಂದರ ಹೆಸರು ಹೊತ್ತ ಚೀಸನ್ನು ‘ಗೌಡಾ’ ಅಂತ ಬರೆದರೆ ಯಾವ ಗೌಡ್ರು ಅಂತಾರೆ. ಆ ಊರಿನವರ ಉಚ್ಚಾರಣೆ ನಮ್ಮ ಕಿವಿಗೆ ಹೆಚ್ಚುಕಡಿಮೆ ‘ಹೌದಾ’. ‘ಇದು ಹೌದಾ.’ ‘ಹೌದಾ?’

ನಿಜವಾಗಿ ಕಷ್ಟ ಕೊಟ್ಟದ್ದು ಬ್ರೀ ಚೀಸಿನ ಮೇಲಿನ ಬಿಳಿ ಪದರ. ಅದು ಬೇಕೆಂದೇ ಬೆಳೆಸಿದ ಬೂಸ್ಟು, ತಿನ್ನಬಹುದು. ಹೋದ ಸಲ ಹಲಗೆಯ ಪಕ್ಕ ಚೀಟಿ ಇಟ್ಟಿದ್ದೆ: ‘ಸಿಪ್ಪೆ ಸಮೇತ ತಿನ್ನಿ’. ಎಲ್ಲರೂ ಅದನ್ನು ಕೊರೆದು ತೆಗೆದು ತಟ್ಟೆಯ ಅಂಚಿಗೆ ಗುಡ್ಡೆ ಹಾಕಿದ್ದರು. ಸಿಪ್ಪೆ ಅಂದಮೇಲೆ ಸುಲಿಯದೆ ಇರುತ್ತಾರಾ? ‘ಬೂಸ್ಟು’ ಅಂದರೆ ಮುಟ್ಟುವುದೇ ಇಲ್ಲ. ‘ತೊಗಟೆ’ ಅಂದರೆ ಹಲ್ಲಿನ ಚಿಂತೆ. ಗೌಡಾಕ್ಕೆ ಸುತ್ತಿದ ಕೆಂಪು, ಹಳದಿ ಮೇಣವನ್ನು ಮಾತ್ರ ತೆಗೆಯಲೇಬೇಕು. ಹಾಗಾಗಿ ಎರಡಕ್ಕೂ ಒಂದೇ ಮಾತು ಬಳಸುವ ಹಾಗಿಲ್ಲ.

ಸದ್ಯಕ್ಕೆ ‘ಬಾಯಾಡಿಸುವ ಮಣೆ’ ಅಂತ ಬರೆದಿಟ್ಟಿದ್ದೇನೆ. ಸ್ವಲ್ಪ ಉದ್ದವಾಯಿತು. ಇದಕ್ಕಿಂತ ಚುಟುಕಾದದ್ದು ನಿಮ್ಮ ಮಾತಿನಲ್ಲಿ ಇದ್ದರೆ ತಿಳಿಸಿ. ಹಾಗೇ, ಸುಲಿಯಬೇಡಿ ಅನ್ನುವುದು ಹೆಸರಿನಲ್ಲೇ ಗೊತ್ತಾಗುವಂತೆ ಆ ಬಿಳಿ ಪದರಕ್ಕೆ ಏನನ್ನಬಹುದು?