ಅಮ್ಮ ‘ತುಂಬಾ ಶಾಂತ’ ಆಗಿದ್ದಾರಂತೆ: ಆರೈಕೆ ಕೇಂದ್ರಗಳ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ ನರ್ಸಿಂಗ್ ಹೋಮ್. ಆಸ್ಪತ್ರೆ ಅನ್ನೋ ಅರ್ಥದಲ್ಲಲ್ಲ, ಹಾಸಿಗೆ ಹಿಡಿದ ಅಥವಾ ಮರೆವಿನ ಕಾಯಿಲೆ ಇರುವ ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರಗಳು. ಅಲ್ಲಿ ಆರೈಕೆ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? 22 ವರ್ಷ ಇದೇ ಕೆಲಸ ಮಾಡಿದ ಸಿಸ್ಟರ್ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ದಯವಿಟ್ಟು ಬೇಡ.

ಕಿರಿಮಗ: ನಮಸ್ತೆ ಸಿಸ್ಟರ್. ಅಪ್ಪನಿಗೆ ಪಾರ್ಶ್ವವಾಯು ಆಗಿ ನಾಲ್ಕು ತಿಂಗಳಾಯ್ತು. ಮೂರು ಕೇಂದ್ರ ನೋಡಿ ಬಂದೆವು. ಮೂರೂ ಚೊಕ್ಕಟವಾಗಿವೆ, ಮೂರೂ ಕಡೆ ಚೆನ್ನಾಗಿ ಮಾತಾಡಿಸಿದರು. ಹೇಗೆ ಆರಿಸೋದು?

ಸಿಸ್ಟರ್: ಅವರು ತೋರಿಸಿದ್ದನ್ನು ನೋಡಿ ಬಂದಿದ್ದೀರಿ. ಇನ್ನೊಂದು ಸಲ ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ. ಕೈಯಾಡದವರಿಗೆ ತಿನ್ನಿಸುವವರು ಎದುರಿಗೆ ಕೂತಿದ್ದಾರಾ, ನಿಂತುಕೊಂಡು ತುರುಕುತ್ತಿದ್ದಾರಾ? ತಿನ್ನುವವರ ಬೆನ್ನು ನೆಟ್ಟಗಿದೆಯಾ? ಮುಟ್ಟದೆ ವಾಪಸು ಹೋದ ತಟ್ಟೆಯನ್ನು ಯಾರಾದರೂ ಬರೆದುಕೊಂಡರಾ? ಪಾರ್ಶ್ವವಾಯು ಆದವರಲ್ಲಿ ನುಂಗುವ ತೊಂದರೆ ಬಹಳ ಸಾಮಾನ್ಯ. ಮಲಗಿಸಿಕೊಂಡೇ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಿಂದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಬಾಯಿ, ಹಲ್ಲು ತೊಳೆಸುವುದೂ ನ್ಯುಮೋನಿಯಾ ತಡೆಯುವ ಕೆಲಸವೇ; ಅಲ್ಲಿರುವವರ ಬಾಯಿ ನೋಡಿದರೆ ನನಗೆ ಅರ್ಧ ಕೇಂದ್ರ ಗೊತ್ತಾಗುತ್ತದೆ.

‘ಒಟ್ಟು ಸಿಬ್ಬಂದಿ ಎಷ್ಟು’ ಅಂತ ಕೇಳಬೇಡಿ. ‘ನೆನ್ನೆ ರಾತ್ರಿ ಈ ಮಹಡಿಯಲ್ಲಿ ಎಷ್ಟು ಜನ ಇದ್ದರು, ಅವರಲ್ಲಿ ತರಬೇತಿ ಆದ ನರ್ಸ್ ಎಷ್ಟು’ ಅಂತ ಕೇಳಿ. ಆಮೇಲೆ ಒಬ್ಬ ಆಯಾ ಹತ್ತಿರ ಎಷ್ಟು ದಿನದಿಂದ ಇಲ್ಲಿದ್ದೀರಿ ಅಂತ ಮಾತಾಡಿಸಿ. ಎಲ್ಲರೂ ಹೊಸಬರೇ ಆಗಿದ್ದರೆ ನಿಮ್ಮಪ್ಪನ ಅಭ್ಯಾಸ ಗೊತ್ತಿರುವವರು ಅಲ್ಲಿ ಯಾರೂ ಇರುವುದಿಲ್ಲ.

ದೂರದಲ್ಲಿರುವ ಮಗ: ನಾನು ನೋಡಿದ ಕೇಂದ್ರಕ್ಕೆ ಆನ್‌ಲೈನಲ್ಲಿ 4.8 ಸ್ಟಾರ್ ಇದೆ. ಸಾಕಲ್ವಾ?

ಸಿಸ್ಟರ್: ಸಾಲದು. ಸ್ಟಾರ್ ಕೊಡುವವರು ಭೇಟಿಗೆ ಬಂದು ಹೋಗುವವರು, ಮಲಗಿರುವವರಲ್ಲ.

ದೂರದಲ್ಲಿರುವ ಮಗ: ಅಮೆರಿಕದಲ್ಲಿ ಸರ್ಕಾರವೇ 2008ರಿಂದ ಸ್ಟಾರ್ ಕೊಡ್ತಾ ಇದೆ ಮೇಡಂ. ತಪಾಸಣೆ, ಸಿಬ್ಬಂದಿ, ಗುಣಮಟ್ಟ ಮೂರನ್ನೂ ನೋಡ್ತಾರೆ.

ಸಿಸ್ಟರ್: ಹೌದು. ಆದರೆ ಮೊದಮೊದಲು ಸಿಬ್ಬಂದಿ ಎಷ್ಟು ಅಂತ ಕೇಂದ್ರಗಳು ತಾವೇ ಬರೆದುಕೊಟ್ಟದ್ದನ್ನೇ ನಂಬುತ್ತಿದ್ದರು. ಸಂಬಳದ ಲೆಕ್ಕದಿಂದಲೇ ಅಂಕಿ ಕೊಡಬೇಕು ಅನ್ನುವ ಕಡ್ಡಾಯ ಬಂದದ್ದು 2016ರಲ್ಲಿ. ಸರ್ಕಾರದ ಸ್ಟಾರನ್ನೂ ಹೀಗೆ ಕೆದಕಿ ನೋಡಬೇಕು. ನಿಮ್ಮ 4.8ಕ್ಕೆ ಆ ಲೆಕ್ಕವೂ ಇಲ್ಲ.

ಮೊಮ್ಮಗಳು: ರೂಮಲ್ಲಿ ನಾವೇ ಕ್ಯಾಮೆರಾ ಇಡಬಹುದಾ ಸಿಸ್ಟರ್?

ಹಿರಿಮಗಳು: ಸಿಸ್ಟರ್, ಉದ್ದ ಆಗುತ್ತೆ, ಕ್ಷಮಿಸಿ. ಅಮ್ಮನಿಗೆ 78. ಮೂರು ವರ್ಷದಿಂದ ಡಿಮೆನ್ಷಿಯಾ. ರಾತ್ರಿಯೆಲ್ಲ ಓಡಾಡೋರು, ಕೂಗೋರು. ನನ್ನ ಕೈಲಿ ಆಗಲಿಲ್ಲ. ಏಳು ವಾರದ ಹಿಂದೆ ಸೇರಿಸಿದೆ. ಈಗ ಕೂಗಾಟ ಇಲ್ಲ, ‘ಅಮ್ಮ ತುಂಬಾ ಶಾಂತ ಆಗಿದ್ದಾರೆ, ಹೊಂದಿಕೊಂಡುಬಿಟ್ಟಿದ್ದಾರೆ’ ಅಂತಾರೆ. ನಾನು ಹೋದಾಗಲೆಲ್ಲ ನಿದ್ದೆ. ಹಾಕಿದ ಬಟ್ಟೆಯೆಲ್ಲ ದೊಗಳೆ. ಸೇರಿಸಿದಾಗ 52 ಕೆಜಿ, ಈಗ 48. ಮೊನ್ನೆ ಬಟ್ಟೆ ಬದಲಿಸೋವಾಗ ಸೊಂಟದ ಕೆಳಗೆ ಮೂಳೆ ಮೇಲೆ ಕಪ್ಪಗೆ ಒಂದು ಗುರುತು ಕಂಡಿತು. ಕೇಳಿದರೆ ಡೈಪರ್ ಅಲರ್ಜಿ ಅಂದರು. ನಾನು ಸುಮ್ಮನೆ ಗಾಬರಿ ಆಗ್ತಿದ್ದೀನಾ?

ಸಿಸ್ಟರ್: ಇಲ್ಲಮ್ಮ, ಸುಮ್ಮನೆ ಗಾಬರಿಯಲ್ಲ. ಉಳಿದವರು ಸ್ವಲ್ಪ ಕಾಯಿರಿ, ಇದನ್ನು ಪೂರ್ತಿ ಬರೆಯಬೇಕು.

ಮೊದಲು ಆ ಗುರುತು. ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಣ್ಣ ಬಿಟ್ಟು ಮತ್ತೆ ತುಂಬಿಕೊಂಡರೆ ರಕ್ತ ಓಡಾಡುತ್ತಿದೆ. ಬಣ್ಣ ಹಾಗೇ ನಿಂತರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ಚರ್ಮ ಹರಿಯದೆ ಇದ್ದರೂ. ಪುಸ್ತಕದಲ್ಲೆಲ್ಲ ‘ಕೆಂಪಗೆ ಕಾಣುತ್ತದೆ’ ಅಂತ ಬರೆದಿರುತ್ತಾರೆ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಒತ್ತಿದರೆ ಬಿಳಿಚುವುದೂ ಸರಿಯಾಗಿ ತಿಳಿಯುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪೋ ನೇರಳೆಯೋ ಇದೆಯಾ, ಮುಟ್ಟಿದರೆ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ ಅಂತ ಹೋಲಿಸಿ ನೋಡಬೇಕು. ಡೈಪರಿನ ಉರಿ ಸಾಮಾನ್ಯವಾಗಿ ತೊಡೆಸಂದಿಯಲ್ಲಿ, ಮಡಿಕೆಗಳಲ್ಲಿ ಹರಡಿಕೊಂಡಿರುತ್ತದೆ. ನೀವು ಹೇಳಿದ್ದು ಮೂಳೆಯ ಮೇಲೆ, ಒಂದೇ ಕಡೆ. ಹಿಮ್ಮಡಿಗಳನ್ನೂ ನೋಡಿ, ಅಲ್ಲಿ ಯಾರೂ ನೋಡುವುದಿಲ್ಲ.

ತೂಕ. ಒಂದು ತಿಂಗಳಲ್ಲಿ ನೂರಕ್ಕೆ 5, ಆರು ತಿಂಗಳಲ್ಲಿ ನೂರಕ್ಕೆ 10 ಇಳಿದರೆ ಕಾರಣ ಹುಡುಕಲೇಬೇಕು ಅನ್ನುವುದು ನಮ್ಮ ಲೆಕ್ಕ. ನಿಮ್ಮಮ್ಮ ಏಳು ವಾರದಲ್ಲಿ ನೂರಕ್ಕೆ ಸುಮಾರು 8 ಇಳಿದಿದ್ದಾರೆ.

ಈಗ ಆ ‘ಶಾಂತ’. ನನಗೆ ಹೆಚ್ಚು ಹೆದರಿಕೆ ಇದರದ್ದೇ. ಸೇರಿಸಿದ ದಿನದ ಮಾತ್ರೆ ಪಟ್ಟಿ ನಿಮ್ಮ ಹತ್ತಿರ ಇರಬೇಕು. ಇವತ್ತಿನ ಪಟ್ಟಿ ಕೇಳಿ ತಂದು ಪಕ್ಕ ಇಟ್ಟು ನೋಡಿ. ಮನೋರೋಗಕ್ಕೆ ಕೊಡುವ ಮಾತ್ರೆಗಳಾದ ಕ್ವೆಟಿಯಾಪಿನ್, ರಿಸ್ಪೆರಿಡೋನ್, ಒಲಾಂಜಪಿನ್, ಹಾಲೋಪೆರಿಡಾಲ್, ಇಲ್ಲವೇ ಯಾವುದಾದರೂ ನಿದ್ದೆ ಮಾತ್ರೆ ಹೊಸದಾಗಿ ಸೇರಿದೆಯಾ? ಡಿಮೆನ್ಷಿಯಾ ಇರುವ ವಯಸ್ಸಾದವರಿಗೆ ಈ ಮನೋರೋಗದ ಮಾತ್ರೆಗಳಲ್ಲಿ ಹೊಸ ತಲೆಮಾರಿನವನ್ನು ಕೊಟ್ಟರೆ ಸಾವಿನ ಅಪಾಯ ಏರುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತಿ ಕಟುವಾದ ಎಚ್ಚರಿಕೆ ಹಾಕಿತು: ಹೋಲಿಕೆಗೆಂದು ಔಷಧವಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಿಗಿಂತ 1.6ರಿಂದ 1.7 ಪಟ್ಟು. 2008ರಲ್ಲಿ ಹಾಲೋಪೆರಿಡಾಲ್‌ನಂಥ ಹಳೆಯ ಮಾತ್ರೆಗಳಿಗೂ ಅದನ್ನು ವಿಸ್ತರಿಸಿತು. ಕೊಡಲೇಬಾರದು ಅಂತಲ್ಲ. ತನಗೋ ಇನ್ನೊಬ್ಬರಿಗೋ ಪೆಟ್ಟಾಗುವಷ್ಟು ಕೆರಳಿದ್ದರೆ, ಬೇರೆ ಉಪಾಯ ಸೋತಿದ್ದರೆ, ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ದಿನ ಕೊಡುತ್ತಾರೆ. ರಾತ್ರಿ ಪಾಳಿಗೆ ಜನ ಇಲ್ಲ ಅಂತ ಕೊಡುವುದು ತಪ್ಪು.

ಮೂರನ್ನೂ ಜೋಡಿಸಿ ನೋಡಿ. ನಿದ್ದೆಗಣ್ಣಿನಲ್ಲಿರುವವರು ತಿನ್ನುವುದಿಲ್ಲ, ನೀರು ಕೇಳುವುದಿಲ್ಲ, ತಾವಾಗಿ ಹೊರಳುವುದಿಲ್ಲ. ತೂಕ ಇಳಿದಷ್ಟೂ ಮೂಳೆ ಮೇಲೆ ಬರುತ್ತದೆ, ಅದೇ ಜಾಗದ ಮೇಲೆ ಗಂಟೆಗಟ್ಟಲೆ ಭಾರ ಬೀಳುತ್ತದೆ.

ಆದರೆ ಮಾತ್ರೆಯೇ ಕಾರಣ ಅಂತ ನಾನು ಇಲ್ಲಿಂದ ಹೇಳಲಾರೆ. ಮೂತ್ರದ ಸೋಂಕು, ನೀರಿನ ಕೊರತೆ, ಸೋಡಿಯಂ ಇಳಿಯುವುದು, ಗಟ್ಟಿಯಾದ ಮಲಬದ್ಧತೆ, ಇವೂ ವಯಸ್ಸಾದವರನ್ನು ಹೀಗೆ ಮಂಕು ಮಾಡುತ್ತವೆ. ಅದಕ್ಕೇ ನಾಳೆಯೊಳಗೆ ಡಾಕ್ಟರ್ ಬಂದು ನೋಡಬೇಕು. ಎಬ್ಬಿಸಿದರೆ ಏಳದಿದ್ದರೆ, ಉಸಿರು ಜೋರಾಗಿದ್ದರೆ, ಜ್ವರ ಇದ್ದರೆ ನಾಳೆಗೂ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹೋದಾಗ ಮಗ್ಗುಲು ಬದಲಿಸುವ ಚಾರ್ಟ್ ಕೇಳಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬರೆದಿರುತ್ತಾರೆ. ಒಳ್ಳೆಯ ಹಾಸಿಗೆ ಇದ್ದರೆ ಅಂತರ ಸ್ವಲ್ಪ ಹೆಚ್ಚಿರಬಹುದು. ಸಂಜೆ ನಾಲ್ಕಕ್ಕೆ ಹೋದಾಗ ಆರು ಗಂಟೆಯ ಸಾಲೂ ಭರ್ತಿಯಾಗಿದ್ದರೆ ಫೋಟೋ ತೆಗೆದುಕೊಳ್ಳಿ. ಅಂಥ ಚಾರ್ಟ್ ನಾನು ಕಣ್ಣಾರೆ ನೋಡಿದ್ದೇನೆ. ಬರೆದ ಹುಡುಗಿ ಅತ್ತಳು. ಇಡೀ ಮಹಡಿಗೆ ಅವಳೊಬ್ಬಳೇ ಇದ್ದಳು.

ಇನ್ನೊಂದು. ಎಲ್ಲ ಹುಣ್ಣೂ ನಿರ್ಲಕ್ಷ್ಯದಿಂದಲೇ ಆಗುವುದಿಲ್ಲ, ಕೊನೆಯ ದಿನಗಳಲ್ಲಿ ಎಷ್ಟು ನೋಡಿಕೊಂಡರೂ ಕೆಲವರಿಗೆ ಆಗುತ್ತದೆ. ಒಳ್ಳೆಯ ಕೇಂದ್ರ ಅದನ್ನು ಕಂಡ ದಿನವೇ ನಿಮಗೆ ಫೋನ್ ಮಾಡುತ್ತದೆ. ನಿಮ್ಮ ವಿಷಯದಲ್ಲಿ ಗುರುತನ್ನು ಮೊದಲು ಕಂಡವರು ನೀವು.

ಹಿರಿಮಗಳು: ಓದಿ ಕೈ ನಡುಗ್ತಾ ಇದೆ. ನಾಳೆ ಬೆಳಿಗ್ಗೆ ಹೋಗ್ತೀನಿ.

ಶುಭನುಡಿ: 🙏 ಬೆಡ್‌ಸೋರ್‌ಗೆ ರಾಮಬಾಣ 🙏 ಬಿಸಿ ಎಣ್ಣೆಯಿಂದ ಆ ಜಾಗವನ್ನು ಹತ್ತು ನಿಮಿಷ ಗಟ್ಟಿಯಾಗಿ ತಿಕ್ಕಿ, ಪೌಡರ್ ಹಾಕಿ, ತೂತಿರುವ ಗಾಳಿ ರಿಂಗ್ ಮೇಲೆ ಕೂರಿಸಿ. ಮೂರೇ ದಿನದಲ್ಲಿ ಮಾಯ! ಹತ್ತು ಜನರಿಗೆ ಕಳಿಸಿ.

ಸಿಸ್ಟರ್: ಹಿರಿಮಗಳೇ, ಇದನ್ನು ಮಾಡಬೇಡಿ. ಆ ಚರ್ಮದ ಕೆಳಗಿನ ಮಾಂಸ ಆಗಲೇ ನಲುಗಿದೆ, ತಿಕ್ಕಿದರೆ ಒಳಗೇ ಹರಿಯುತ್ತದೆ. ರಿಂಗ್ ಇಟ್ಟರೆ ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಹೋಗುವುದು ಇನ್ನೂ ಕಡಿಮೆಯಾಗುತ್ತದೆ. ಪೌಡರ್ ಬೆವರಿನಲ್ಲಿ ಮುದ್ದೆಯಾಗಿ ಉಜ್ಜುತ್ತದೆ. ಭಾರ ತೆಗೆಯುವುದು, ಒಣಗಿಸಿ ಇಡುವುದು, ಹೊಟ್ಟೆಗೆ ಚೆನ್ನಾಗಿ ಕೊಡುವುದು, ಇಷ್ಟೇ ಮದ್ದು. ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿತ್ತು.

ಶುಭನುಡಿ: ಒಳ್ಳೆಯ ಉದ್ದೇಶದಿಂದ ಹಾಕಿದ್ದು. ನಮ್ಮ ಅಜ್ಜಿಗೆ ಇದರಲ್ಲೇ ವಾಸಿ ಆಯ್ತು.

ಎರಡನೇ ಸೊಸೆ: ಮಾವನವರನ್ನು ಸೇರಿಸಬೇಕು. ಒಳ್ಳೆ ಕೇಂದ್ರ ಹೇಗೆ ಗುರುತಿಸೋದು?

ಸಿಸ್ಟರ್: ಮೇಲೆ ಕಿರಿಮಗನಿಗೆ ಬರೆದಿದ್ದೇನೆ.

ನಿವೃತ್ತ ಮೇಷ್ಟ್ರು: ಇಷ್ಟೆಲ್ಲ ಪರೀಕ್ಷೆ ಏಕೆ? ಹೆತ್ತವರನ್ನು ಮನೆಯಲ್ಲಿ ಇಟ್ಟುಕೊಂಡರೆ ಈ ಪ್ರಶ್ನೆಗಳೇ ಹುಟ್ಟುವುದಿಲ್ಲ. ಪರರ ಕೈಗೆ ಕೊಟ್ಟು ಆಮೇಲೆ ತೂಕ ಅಳೆಯುವುದು ಎಂಥ ಧರ್ಮ?

ಎರಡನೇ ಸೊಸೆ: ಮೇಷ್ಟ್ರೇ, ನಿಮ್ಮ ತಾಯಿ ಮಲಗಿದ್ದಾಗ ರಾತ್ರಿ ಎದ್ದು ಮಗ್ಗುಲು ಬದಲಿಸಿದವರು ಯಾರು? ನೀವಾ, ನಿಮ್ಮ ಹೆಂಡತಿಯಾ?

ನಿವೃತ್ತ ಮೇಷ್ಟ್ರು: ನನ್ನ ಸಂಸಾರದ ವಿಷಯ ಇಲ್ಲಿ ಅಪ್ರಸ್ತುತ.

ಎರಡನೇ ಸೊಸೆ: ನಮ್ಮ ಸಂಸಾರದ ವಿಷಯ ಮಾತ್ರ ಪ್ರಸ್ತುತ ಅಲ್ವಾ? ಐದು ವರ್ಷ ಎತ್ತಿ ಇಳಿಸಿ ನನ್ನ ಬೆನ್ನು ಹೋಗಿದೆ. ಒಂದು ದಿನ ಬಂದು ಒಂದು ಡೈಪರ್ ಬದಲಿಸಿ ಆಮೇಲೆ ಧರ್ಮ ಹೇಳಿ.

ಕಿರಿಮಗ: ಹಿರಿಯರ ಹತ್ತಿರ ಹೀಗೆ ಮಾತಾಡಬಾರದು.

ದೂರದಲ್ಲಿರುವ ಮಗ: ಯಾಕೆ ಬಾರದು? ಹಿರಿಮಗಳು ಈಗ ತಾನೆ ಕೈ ನಡುಗ್ತಿದೆ ಅಂತ ಬರೆದಿದ್ದಾರೆ. ಅದರ ಮೇಲೇ ಹೀಗಾ ಹೇಳೋದು?

ಅಡ್ಮಿನ್: ವಿಷಯಕ್ಕೆ ಬನ್ನಿ.

ಬೆಳ್ಳಿಕೂದಲು: ನಮ್ಮ ಯಜಮಾನರನ್ನು ರಾತ್ರಿ ಮಂಚಕ್ಕೆ ಬಟ್ಟೆಯಲ್ಲಿ ಕಟ್ಟುತ್ತಾರೆ. ಬೀಳಬಾರದು ಅಂತ, ನನ್ನ ಸಹಿ ತೆಗೆದುಕೊಂಡೇ. ಇದು ಸರಿಯೇ ತಾಯಿ?

ಸಿಸ್ಟರ್: ಸರಿಯಲ್ಲ ಅಮ್ಮ. ಕಟ್ಟಿದರೆ ಪೆಟ್ಟು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಬಿಡಿಸಿಕೊಳ್ಳಲು ಒದ್ದಾಡಿ ಕುತ್ತಿಗೆಗೆ ಸುತ್ತಿಕೊಂಡು ಸತ್ತವರಿದ್ದಾರೆ. ಕಾಲಿನ ಶಕ್ತಿ ಹೋಗುತ್ತದೆ, ಹುಣ್ಣಾಗುತ್ತದೆ. ಸಿಬ್ಬಂದಿಯ ಅನುಕೂಲಕ್ಕೆ ಕಟ್ಟುವಂತಿಲ್ಲ, ಮಾತ್ರೆ ಕೊಟ್ಟು ಮಲಗಿಸುವಂತಿಲ್ಲ ಅಂತ ಅಮೆರಿಕದಲ್ಲಿ 1987ರಲ್ಲೇ ಕಾನೂನು ಬಂತು. ಮಂಚವನ್ನು ನೆಲಕ್ಕೆ ಹತ್ತಿರ ಇಳಿಸಿ ಪಕ್ಕದಲ್ಲಿ ಮೆತ್ತೆ ಹಾಸಲಿ. ರಾತ್ರಿ ಯಾಕೆ ಏಳುತ್ತಾರೆ ಅಂತ ನೋಡಿ. ಹೆಚ್ಚಿನವರು ಏಳುವುದು ಮೂತ್ರಕ್ಕೆ. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ಕರೆದುಕೊಂಡು ಹೋದರೆ ಅರ್ಧ ಸಮಸ್ಯೆ ತೀರುತ್ತದೆ. ನೀವು ಕೊಟ್ಟ ಸಹಿಯನ್ನು ವಾಪಸು ತೆಗೆದುಕೊಳ್ಳುವ ಹಕ್ಕು ನಿಮಗಿದೆ. ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಬೆಳ್ಳಿಕೂದಲು: ನಾಳೆಯೇ ಬರೆದು ಕೊಡುತ್ತೇನೆ.

ಮೊಮ್ಮಗಳು: ಕ್ಯಾಮೆರಾ ಬಗ್ಗೆ ಕೇಳಿದ್ದೆ?

ಮಧ್ಯದವನು: ಡೈಪರ್ ಬದಲಿಸೋದು ಕಷ್ಟ ಅಂತ ಮೂತ್ರಕ್ಕೆ ಟ್ಯೂಬ್ ಹಾಕ್ತೀವಿ ಅಂತಾರೆ.

ಸಿಸ್ಟರ್: ಬೇಡ. ಮೂತ್ರ ಕಟ್ಟಿಕೊಂಡಂಥ ವೈದ್ಯಕೀಯ ಕಾರಣ ಇಲ್ಲದೆ ಕ್ಯಾತೆಟರ್ ಹಾಕಬಾರದು. ಸೋಂಕು ಬರುತ್ತದೆ.

ಶುಭನುಡಿ: ಡಿಮೆನ್ಷಿಯಾ ಬೇರಿನಿಂದ ಕಿತ್ತುಹಾಕುವ 5 ಎಲೆಗಳು 👇

ಸಿಸ್ಟರ್: ಅಡ್ಮಿನ್, ಇವರನ್ನು ತೆಗೆಯಿರಿ, ಇಲ್ಲವೇ ನನ್ನನ್ನು. ಆ ಎಲೆಗಳನ್ನು ನಂಬಿ ಡಾಕ್ಟರನ್ನು ಮುಂದೂಡಿದವರ ಹುಣ್ಣನ್ನು ನಾನು ತೊಳೆದಿದ್ದೇನೆ, ಮೂಳೆ ಕಾಣುತ್ತಿತ್ತು.

ಶುಭನುಡಿ: ಇಷ್ಟು ಅಹಂಕಾರ ಒಳ್ಳೆಯದಲ್ಲ ಮೇಡಂ.

*ಅಡ್ಮಿನ್ ಶುಭನುಡಿ ಅವರನ್ನು ತೆಗೆದಿದ್ದಾರೆ.*

ಹೊಸ ಸದಸ್ಯ: ಎಲ್ಲರಿಗೂ ನಮಸ್ಕಾರ. ಒಳ್ಳೆ ಕೇಂದ್ರ ಆರಿಸೋದು ಹೇಗೆ?

ಸಿಸ್ಟರ್: ಮೇಲೆ ಓದಿ.

ಹಿರಿಮಗಳು (ಮರುದಿನ, ಮಧ್ಯಾಹ್ನ): ಹೋಗಿ ಬಂದೆ. ಒತ್ತಿದರೆ ಬಣ್ಣ ಬಿಡಲಿಲ್ಲ. ಎಡ ಹಿಮ್ಮಡಿಯಲ್ಲೂ ಇದೆ. ಸೇರಿಸಿದ ನಾಲ್ಕನೇ ದಿನದಿಂದ ಕ್ವೆಟಿಯಾಪಿನ್ ರಾತ್ರಿ, ಆಮೇಲೆ ಬೆಳಿಗ್ಗೆಯೂ. ನನಗೆ ಯಾರೂ ಹೇಳಿರಲಿಲ್ಲ. ಚಾರ್ಟ್ ಕೊಡಲ್ಲ ಅಂದರು, ಅಲ್ಲೇ ಕೂತೆ, ಒಂದೂವರೆ ಗಂಟೆ ಆದ ಮೇಲೆ ಕೊಟ್ಟರು. ಅಮ್ಮನ ಹಳೇ ಡಾಕ್ಟರ್ ಸಂಜೆ ಬರ್ತಾರೆ. ಚಮಚದಲ್ಲಿ ನೀರು ಕೊಟ್ಟೆ, ಅರ್ಧ ಲೋಟ ಕುಡಿದರು, ಕಣ್ಣು ಬಿಟ್ಟು ನನ್ನ ಕೈ ಹಿಡಕೊಂಡರು.

ಸಿಸ್ಟರ್: ಡಾಕ್ಟರ್ ಬರುವ ತನಕ ಅಲ್ಲೇ ಇರಿ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಡಿ, ಹಿಮ್ಮಡಿಯ ಕೆಳಗಲ್ಲ. ನೀರು ಕೊಡುವಾಗ ಕೂರಿಸಿ, ಪೂರ್ತಿ ಎಚ್ಚರ ಇದ್ದಾಗ ಮಾತ್ರ. ರಕ್ತಪರೀಕ್ಷೆಯಲ್ಲಿ ಸೋಡಿಯಂ ನೋಡಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಮಾತ್ರೆ ಹೇಗೆ ಇಳಿಸಬೇಕು ಅಂತ ಡಾಕ್ಟರ್ ಕೈಲಿ ಬರೆಸಿಕೊಳ್ಳಿ. ಅವರು ಹೋದ ಮೇಲೆ ನನಗೆ ನೇರವಾಗಿ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ.

ಮೊಮ್ಮಗಳು: ಸಿಸ್ಟರ್, ಕ್ಯಾಮೆರಾ?