‘ಹೈಪೋಎಕೋಯಿಕ್’, ‘ಟಾಲರ್ ದ್ಯಾನ್ ವೈಡ್’: ಕನ್ನಡದಲ್ಲಿ ಏನೆನ್ನೋಣ?

ಥೈರಾಯ್ಡ್ ಗಂಟಿನ ಅಲ್ಟ್ರಾಸೌಂಡ್ ವರದಿಯನ್ನು ರೋಗಿಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ನಾಡ್ಯೂಲ್’ಗೆ ‘ಗಂಟು’ ಎಂದೇ ಇಟ್ಟುಕೊಂಡಿದ್ದೇನೆ. ‘ಗಡ್ಡೆ’ ಎಂದೊಡನೆ ಓದುವವರ ಮನಸ್ಸು ಕ್ಯಾನ್ಸರಿಗೆ ಹಾರುತ್ತದೆ. ಈ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ. ತೊಡಕಿರುವುದು ಬೇರೆ ಎರಡು ಮಾತುಗಳಲ್ಲಿ.

ಮೊದಲನೆಯದು ‘ಹೈಪೋಎಕೋಯಿಕ್’. ಶಬ್ದದಲೆ ಹೆಚ್ಚು ಮರಳಿ ಬಂದಷ್ಟೂ ಚಿತ್ರ ಬೆಳ್ಳಗೆ ಮೂಡುತ್ತದೆ. ಸುತ್ತಲಿನ ಥೈರಾಯ್ಡಿಗಿಂತ ಕಡಿಮೆ ಮರಳಿದರೆ ಆ ಗಂಟು ಮಬ್ಬಾಗಿ ಕಾಣುತ್ತದೆ. ಇದನ್ನು ‘ಕಪ್ಪು ಗಂಟು’ ಎಂದುಬಿಡುವುದು ಸುಲಭ, ಆದರೆ ಹಾಗೆ ಬರೆಯಲು ನನಗೆ ಧೈರ್ಯವಿಲ್ಲ. ಪರದೆಯ ಮೇಲೆ ಎಲ್ಲಕ್ಕಿಂತ ಕಪ್ಪಗಿರುವುದು ಬರೀ ದ್ರವ ತುಂಬಿದ ಸಿಸ್ಟ್; ಅದು ‘ಅನ್‌ಎಕೋಯಿಕ್’, ಅಂದರೆ ಮಾರ್ದನಿಯೇ ಇಲ್ಲದ್ದು. ಗಂಟಿನ ಲಕ್ಷಣಗಳಿಗೆ ಅಂಕ ಕೊಟ್ಟು ಕ್ಯಾನ್ಸರಿನ ಶಂಕೆಯನ್ನು ಅಳೆಯುವ, ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆಯ ಎಸಿಆರ್ ಟೈರಾಡ್ಸ್ (2017) ಪದ್ಧತಿಯಲ್ಲಿ ಅದಕ್ಕೆ ಸೊನ್ನೆ ಅಂಕ; ಅಂಕ ಹೆಚ್ಚಾದಷ್ಟೂ ಶಂಕೆ ಹೆಚ್ಚು. ಘನವಾದ ಗಂಟು ಮಬ್ಬಾಗಿದ್ದರೆ ಆ ಮಬ್ಬಿಗೆ 2 ಅಂಕ, ಕತ್ತಿನ ಸ್ನಾಯುಗಳಿಗಿಂತಲೂ ಮಬ್ಬಾಗಿದ್ದರೆ 3. ‘ಕಪ್ಪು’ ಎಂಬ ಒಂದೇ ಪದ ಅಂಜಬೇಕಿಲ್ಲದ್ದನ್ನೂ ಗಮನಿಸಬೇಕಾದದ್ದನ್ನೂ ಕಲಸಿಬಿಡುತ್ತದೆ.

‘ಮಾರ್ದನಿಯಿಲ್ಲದ’, ‘ಮಂದಮಾರ್ದನಿಯ’ ಎಂಬ ಜೋಡಿ ಹೊಳೆದಿದೆ. ಅರಿಸಮಾಸವಾಯಿತು ಎಂದು ಆಕ್ಷೇಪ ಬರಬಹುದು. ‘ಕಿರುಮಾರ್ದನಿ’ ಎಂದರೆ ಗಂಟೇ ಕಿರಿದು ಎಂದು ತಿಳಿದಾರೆಂಬ ಅಳುಕು. ‘ಮಂದಪ್ರತಿಧ್ವನಿ’ ಶುದ್ಧ, ಆದರೆ ಬಾಯಿಗೆ ಭಾರ.

ಎರಡನೆಯದು ‘ಟಾಲರ್ ದ್ಯಾನ್ ವೈಡ್’, ಇದು ಇನ್ನೂ ಸೂಕ್ಷ್ಮ. ‘ಅಗಲಕ್ಕಿಂತ ಎತ್ತರ’ ಎಂದು ಪದಕ್ಕೆ ಪದ ಇಟ್ಟರೆ, ಓದುವವರು ಗದ್ದದಿಂದ ಎದೆಯತ್ತ ಉದ್ದವಾಗಿ ನಿಂತ ಗಂಟನ್ನು ಊಹಿಸಿಕೊಳ್ಳುತ್ತಾರೆ. ಇಲ್ಲಿ ಹೇಳುತ್ತಿರುವುದು ಕತ್ತಿನ ಅಡ್ಡಸೀಳಿನ ಚಿತ್ರದಲ್ಲಿ ಮುಂದಿನಿಂದ ಹಿಂದಕ್ಕಿರುವ ಅಳತೆಯನ್ನು. ಈ ಲಕ್ಷಣಕ್ಕೇ 3 ಅಂಕ. ಘನ (2), ಮಬ್ಬು (2) ಸೇರಿ 4 ಆದಾಗ ಗಂಟು ಟಿಆರ್4 ದರ್ಜೆಯದು (ಮಧ್ಯಮ ಶಂಕೆ); ಸೂಜಿ ಪರೀಕ್ಷೆಯ ಸಲಹೆ 1.5 ಸೆಂ.ಮೀ. ಆದ ಮೇಲೆ. ಈ 3 ಕೂಡಿದರೆ 7, ಟಿಆರ್5 (ಹೆಚ್ಚಿನ ಶಂಕೆ). ಸೂಜಿ 1 ಸೆಂ.ಮೀ.ಗೇ. ರೋಗಿಯ ಮುಂದಿನ ಹೆಜ್ಜೆಯನ್ನೇ ಬದಲಿಸುವ ಮಾತು ತಪ್ಪಾಗಿ ಅರ್ಥವಾಗಬಾರದು.

‘ಅಗಲಕ್ಕಿಂತ ಆಳ ಹೆಚ್ಚು’ ಎನ್ನಬಹುದೇ? ಅಥವಾ ‘ಆಳ’ ಎಂದೊಡನೆ ಗಂಟು ಒಳಗೆಲ್ಲೋ ಹೂತುಕೊಂಡಿದೆ ಎಂಬ ಅರ್ಥ ಬರುತ್ತದೆಯೇ? ರೋಗಿಗಳೊಡನೆ ದಿನವೂ ಕನ್ನಡದಲ್ಲೇ ಮಾತಾಡುವ ವೈದ್ಯರು ಇದಕ್ಕೆ ಏನನ್ನುತ್ತಾರೆಂದು ಬಲ್ಲವರು ದಯವಿಟ್ಟು ತಿಳಿಸಿ.