ಅರವತ್ತು ಸೆಕೆಂಡಿನಲ್ಲಿ ಅಡಿಕೆ ಡ್ರೈಯರ್ ಬಗ್ಗೆ ಹೇಳುವುದು ಹೇಗೆ?

ಹೊಳೆಸಾಲು (ಪ್ರಶ್ನೆ):

ಶಿರಸಿ ಸೀಮೆಯಲ್ಲಿ ನಾವು ಮೂವರು ಗೆಳೆಯರು ಸೇರಿ ಅಡಿಕೆ ಒಣಗಿಸುವ ಸಣ್ಣ ಡ್ರೈಯರ್ ಒಂದನ್ನು ಸಿದ್ಧಪಡಿಸಿದ್ದೇವೆ. ಹಗಲು ಬಿಸಿಲಿನಿಂದಲೂ, ಮೋಡ ಕವಿದಾಗ ಮತ್ತು ರಾತ್ರಿ ಹೊತ್ತು ಅಡಿಕೆ ಸಿಪ್ಪೆ ಉರಿಸಿದ ಬಿಸಿಗಾಳಿಯಿಂದಲೂ ಅದು ನಡೆಯುತ್ತದೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೂಡಿಕೆದಾರರ ಸಭೆಯೊಂದಿದೆ. ಪ್ರತಿ ತಂಡಕ್ಕೆ 60 ಸೆಕೆಂಡು. ಸ್ಲೈಡ್ ಇಲ್ಲ, ವಿಡಿಯೊ ಇಲ್ಲ. ಇಂಥದ್ದಕ್ಕೆ ಎಲಿವೇಟರ್ ಪಿಚ್ ಎನ್ನುತ್ತಾರೆಂದು ತಿಳಿದಿದೆ, ಆದರೆ ಅದನ್ನು ಕಟ್ಟುವ ಬಗೆ ತಿಳಿದಿಲ್ಲ. ನಾನು ಬರೆದುಕೊಂಡಿರುವ ಆರಂಭ ಹೀಗಿದೆ:

"ಅಡಿಕೆಯು ಕರ್ನಾಟಕದ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ಮಲೆನಾಡು ಮತ್ತು ಕರಾವಳಿಯ ಅಸಂಖ್ಯಾತ ಕುಟುಂಬಗಳು ಇದನ್ನೇ ಅವಲಂಬಿಸಿರುವ ಹಿನ್ನೆಲೆಯಲ್ಲಿ, ಅಕಾಲಿಕ ಮಳೆಯ ಸವಾಲನ್ನು ಎದುರಿಸುವ ನಿಟ್ಟಿನಲ್ಲಿ ನಮ್ಮ ಸಂಸ್ಥೆಯು ನವೀನ ತಂತ್ರಜ್ಞಾನ ಆಧಾರಿತ, ಪರಿಸರಸ್ನೇಹಿ, ಕಡಿಮೆ ವೆಚ್ಚದ ಹೈಬ್ರಿಡ್ ಒಣಗಿಸುವ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಿದೆ."

ಇದರಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು? ಕನ್ನಡದಲ್ಲಿ ಮಾತನಾಡಲು ಅವಕಾಶವಿದೆ ಎಂದಿದ್ದಾರೆ. ಹಾಗೆ ಮಾಡುವುದು ಜಾಣತನವೇ?

ಅರಳೀಕಟ್ಟೆ:

ಹೊಸ ಉದ್ಯಮಗಳಿಗೆ ಸಲಹೆ ಕೊಡುವ ಕೆಲಸದಲ್ಲಿ ಇಂಥ ಆರಂಭಗಳನ್ನು ಬಹಳ ಕೇಳಿದ್ದೇನೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಅದು ಕಿವಿಗಾಗಿ ಬರೆದದ್ದಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುವವನು ಹಿಂದಿರುಗಿ ನೋಡಬಲ್ಲ, ಕೇಳುವವನು "ಅಭಿವೃದ್ಧಿಪಡಿಸಿದೆ" ಎಂಬಲ್ಲಿಗೆ ತಲುಪುವವರೆಗೆ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡೇ ಇರಬೇಕು. "ಹಿನ್ನೆಲೆಯಲ್ಲಿ", "ನಿಟ್ಟಿನಲ್ಲಿ" ಎಂಬ ಪದಗಳು ಪಿಚ್‌ನಲ್ಲಿ ಕಂಡಲ್ಲೆಲ್ಲ ವಾಕ್ಯವನ್ನು ಅಲ್ಲಿಯೇ ಮುರಿಯಿರಿ. "ನವೀನ", "ಪರಿಸರಸ್ನೇಹಿ" ಎಂಬ ವಿಶೇಷಣಗಳನ್ನು ಅಂದು ವೇದಿಕೆ ಹತ್ತುವ ಎಲ್ಲ ತಂಡಗಳೂ ಬಳಸುತ್ತವೆ. ಅವುಗಳಿಂದ ನಿಮ್ಮ ಯಂತ್ರ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ.

ನಾನಾಗಿದ್ದರೆ ಹೀಗೆ ಆರಂಭಿಸುತ್ತಿದ್ದೆ (ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆಸಹಿತ ಬಿಸಿಲಿನಲ್ಲಿ ಒಣಗಿಸಿ ಸುಲಿದದ್ದು):

"ಶಿರಸಿಯಲ್ಲಿ ಚಾಲಿ ಅಡಿಕೆ ಅಂಗಳದಲ್ಲಿ ಒಣಗಲು ಸುಮಾರು ನಲವತ್ತು ದಿನ ಬಿಸಿಲು ಬೇಕು. ನಡುವೆ ಎರಡು ದಿನ ಮಳೆ ಹಿಡಿದರೆ ಅಡಿಕೆಗೆ ಬೂಷ್ಟು ಬರುತ್ತದೆ. ಬೂಷ್ಟು ಬಂದ ಅಡಿಕೆಗೆ ಮಂಡಿಯಲ್ಲಿ ದರ ಬೀಳುತ್ತದೆ. ವರ್ಷದ ದುಡಿಮೆ ಆ ಎರಡು ದಿನದಲ್ಲಿ ಕೈ ತಪ್ಪುತ್ತದೆ. ಮಳೆ ಬಂದರೂ ನಿಲ್ಲದೆ ಅಡಿಕೆ ಒಣಗಿಸುವ ಡ್ರೈಯರ್ ಅನ್ನು ನಾವು ಕಟ್ಟಿದ್ದೇವೆ."

ಇಷ್ಟು ಹೇಳಲು ಇಪ್ಪತ್ತರಿಂದ ಇಪ್ಪತ್ತೈದು ಸೆಕೆಂಡು ಸಾಕು. ಅಡಿಕೆ ಮರವನ್ನೇ ಕಾಣದವರಿಗೂ ಯಾರ ಕಷ್ಟ, ಯಾವಾಗ, ಎಷ್ಟು ಎಂಬುದು ಅರ್ಥವಾಗುತ್ತದೆ. ಉಳಿದ ಸಮಯದಲ್ಲಿ ಮೂರು ವಿಷಯಗಳು ಬರಬೇಕು: ಈಗಿರುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡುಗಳಿಗಿಂತ ನಿಮ್ಮದು ಹೇಗೆ ಬೇರೆ, ಇದುವರೆಗೆ ಯಾರ ತೋಟದಲ್ಲಿ ಓಡಿಸಿ ನೋಡಿದ್ದೀರಿ, ಮತ್ತು ನಿಮಗೆ ಈಗ ಏನು ಬೇಕು. ಕೊನೆಯದನ್ನು ಸಂಕೋಚದಿಂದ ನುಂಗುವವರೇ ಹೆಚ್ಚು. "ನಿಮ್ಮ ಸಹಕಾರ ಬೇಕು" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಹಣ, ಯಾವ ಕೆಲಸಕ್ಕೆ, ಯಾವ ಸುಗ್ಗಿಯೊಳಗೆ ಎಂದು ಹೇಳಿ. ಒಂದು ನಿಮಿಷದ ಮಾತಿಗೆ ಯಾರೂ ಅಲ್ಲಿಯೇ ಚೆಕ್ ಬರೆಯುವುದಿಲ್ಲ. ಊಟದ ಹೊತ್ತಿಗೆ ಒಬ್ಬರು ನಿಮ್ಮನ್ನು ಹುಡುಕಿಕೊಂಡು ಬಂದು "ಆ ಬೂಷ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಿ" ಎಂದರೆ ಅಷ್ಟು ಸಾಕು.

ತೋಟಿಗ:

ನಾನು ಬೆಳೆಗಾರ, ಪಿಚ್ ಕೊಟ್ಟವನಲ್ಲ. ಆದರೆ ತೀರ್ಪುಗಾರರಲ್ಲಿ ಅಡಿಕೆ ಬಲ್ಲವರು ಒಬ್ಬರಿದ್ದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಚಾಲಿಯನ್ನು ಸಿಪ್ಪೆಸಹಿತ ಒಣಗಿಸುತ್ತೇವೆ. ಸಿಪ್ಪೆ ಕೈಗೆ ಸಿಗುವುದು ಒಣಗಿ ಸುಲಿದ ಮೇಲೆ. ಹಾಗಿದ್ದರೆ ಹಂಗಾಮಿನ ಮೊದಲ ಕೊಯ್ಲಿಗೆ ಉರುವಲು ಎಲ್ಲಿಂದ? ಕೆಂಪಡಿಕೆಯವರದು ಬೇರೆ ಲೆಕ್ಕ. ಅವರು ಹಸಿಯನ್ನೇ ಸುಲಿದು, ಬೇಯಿಸಿ ಒಣಗಿಸುತ್ತಾರೆ, ಅವರ ಸಿಪ್ಪೆ ಹಸಿಯಾಗಿರುತ್ತದೆ, ಉರಿಯುವುದಿಲ್ಲ. ನಿಮ್ಮ ಯಂತ್ರ ಯಾವ ಅಡಿಕೆಗೆ ಎಂದು ಮೊದಲು ನೀವು ಗಟ್ಟಿ ಮಾಡಿಕೊಳ್ಳಿ. ಎರಡಕ್ಕೂ ಆಗುತ್ತದೆ ಎನ್ನುವವರನ್ನು ನಮ್ಮ ಕಡೆ ಅಷ್ಟಾಗಿ ನಂಬುವುದಿಲ್ಲ.

ಲೆಕ್ಕಪತ್ರ:

ಹಣ ಕೊಡುವವರು ಯಾರೆಂಬುದರ ಮೇಲೆ ಅದೇ ಅರವತ್ತು ಸೆಕೆಂಡಿನ ತೂಕ ಬದಲಾಗುತ್ತದೆ. 2017ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಉದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ಕಂಪನಿಯ ಪಾಲನ್ನು ಬಿಟ್ಟುಕೊಡಬೇಕಾಗಿಲ್ಲ. ಅಲ್ಲಿ ಹೊಸತನ ಮತ್ತು ಸಮಾಜಕ್ಕಾಗುವ ಪ್ರಯೋಜನ ಮುಂದೆ ಬರಬೇಕು. ನೀವು ಹೋಗುತ್ತಿರುವುದು ಖಾಸಗಿ ಹೂಡಿಕೆದಾರರ ಮುಂದೆ. ರೈತನ ಕಷ್ಟ ಕೇಳಿ ಅವರು ತಲೆಯಾಡಿಸುತ್ತಾರೆ, ಆಮೇಲೆ ಒಂದೇ ಮಾತು ಕೇಳುತ್ತಾರೆ: ಇದನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು?

ಅಡಿಕೆ ಒಣಗಿಸುವ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲ ಕೊಟ್ಟಿಗೆಯಲ್ಲಿ ಸುಮ್ಮನೆ ನಿಲ್ಲುವ ಯಂತ್ರಕ್ಕೆ ಸಣ್ಣ ಹಿಡುವಳಿದಾರ ಸಾಲ ಮಾಡುವುದು ಅನುಮಾನ. ಬೇಸಿಗೆಯ ಕೊನೆಗೆ ಮುರುಗಲು, ಮಳೆಗಾಲದಲ್ಲಿ ಜಾಯಿಕಾಯಿ ಮತ್ತು ಜಾಪತ್ರೆ ಒಣಗಿಸಲು ನಿಮ್ಮ ಡ್ರೈಯರ್ ನಿಜಕ್ಕೂ ಆಗುವುದಾದರೆ ಲೆಕ್ಕವೇ ಬೇರೆಯಾಗುತ್ತದೆ. ಊರಿನ ಸಹಕಾರ ಸಂಘ ಕೊಂಡು ಬಾಡಿಗೆಗೆ ಕೊಡುವ ದಾರಿಯೂ ಇದೆ. ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ 1923ರಿಂದ ಇದೆ, ಮಂಗಳೂರಿನಲ್ಲಿ ಕ್ಯಾಂಪ್ಕೊ 1973ರಿಂದ ಇದೆ, ಅಂದರೆ ಅಡಿಕೆಯವರಿಗೆ ಸಹಕಾರ ವ್ಯವಸ್ಥೆ ಹೊಸದೇನಲ್ಲ. ಬೇರೆ ಬೆಳೆಗೂ ಬಳಸುವುದು, ಸಂಘದಿಂದ ಬಾಡಿಗೆಗೆ ಕೊಡಿಸುವುದು, ಈ ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಂಡು ಒಂದೇ ವಾಕ್ಯದಲ್ಲಿ ಹೇಳಿ. ಮಾರುಕಟ್ಟೆ ಎಷ್ಟು ಸಾವಿರ ಕೋಟಿಯದು ಎಂಬ ಅಂಕಿ ಮಾತ್ರ ಬೇಡ. ಅಂಥ ಅಂಕಿಗಳನ್ನು ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿದೆ.

ರಂಗಸ್ಥಳ:

ಏನು ಹೇಳಬೇಕೆಂಬುದನ್ನು ಮೇಲಿನವರು ಹೇಳಿದ್ದಾರೆ, ಹೇಳುವ ಬಗೆಯನ್ನಷ್ಟೇ ಸೇರಿಸುತ್ತೇನೆ. ಇಂಗ್ಲಿಷ್ ಪಿಚ್‌ಗಳಿಗೆ ನಿಮಿಷಕ್ಕೆ 130ರಿಂದ 150 ಪದ ಎಂಬ ಅಳತೆ ಚಾಲ್ತಿಯಲ್ಲಿದೆ. ಕನ್ನಡಕ್ಕೆ ಅದನ್ನು ಹಾಗೆಯೇ ತಂದರೆ ಉಸಿರು ಕಟ್ಟುತ್ತದೆ, ಏಕೆಂದರೆ ನಮ್ಮ ಒಂದು ಪದದಲ್ಲಿಯೇ ಪ್ರತ್ಯಯಗಳು ಸೇರಿಕೊಂಡು ಎರಡು ಮೂರು ಇಂಗ್ಲಿಷ್ ಪದಗಳ ಕೆಲಸ ನಡೆದಿರುತ್ತದೆ. ನೂರು ಪದದೊಳಗೆ ಮುಗಿಸಿ. ತೊಂಬತ್ತಾದರೆ ಇನ್ನೂ ಒಳ್ಳೆಯದು, ನಡುವೆ ಒಮ್ಮೆ ನಿಲ್ಲಲು ಎಡೆ ಸಿಗುತ್ತದೆ.

ಪೂರ್ತಿ ಪಾಠವನ್ನು ಬಾಯಿಪಾಠ ಮಾಡಬೇಡಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಅಕ್ಷರಶಃ ನೆನಪಿರಲಿ, ನಡುವಿನದು ಕ್ರಮವಾಗಿ ಮನಸ್ಸಿನಲ್ಲಿದ್ದರೆ ಸಾಕು. ಬಾಯಿಪಾಠ ಮಾಡಿದವರು ಒಂದು ಪದ ತಪ್ಪಿದರೆ ಮೊದಲಿನಿಂದ ಶುರುಮಾಡಲು ಹೊರಡುತ್ತಾರೆ, ಗಡಿಯಾರ ಅವರಿಗಾಗಿ ಕಾಯುವುದಿಲ್ಲ. ಅಡಿಕೆಯ ಗಂಧಗಾಳಿಯಿಲ್ಲದ ಯಾರಿಗಾದರೂ ಒಮ್ಮೆ ಹೇಳಿ, ಅರ್ಧ ಗಂಟೆ ಬಿಟ್ಟು ಅವರಿಂದಲೇ ತಿರುಗಿ ಹೇಳಿಸಿ. ಅವರ ಬಾಯಲ್ಲಿ ಉಳಿದದ್ದೇ ನಿಮ್ಮ ಪಿಚ್. ಬಿಟ್ಟುಹೋದದ್ದನ್ನು ನೀವೂ ಬಿಡಬಹುದು, ಇಲ್ಲವೇ ಬೇರೆ ರೀತಿಯಲ್ಲಿ ಹೇಳಬೇಕು.

ಇನ್ನೊಂದು ಮಾತು. ಲಿಫ್ಟಿನ ಹೆಸರಿರುವ ಈ ಕಲೆಗೆ ಲಿಫ್ಟಿನ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಜನರ ಕಣ್ಣೆದುರು ಎತ್ತರಕ್ಕೆ ಏರಿಸಿದ ವೇದಿಕೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನೇ ಕಡಿಸಿದ. ವೇದಿಕೆ ತುಸು ಜಾರಿ, ಅವನು ರೂಪಿಸಿದ್ದ ತಡೆ ಕಚ್ಚಿಕೊಂಡು ನಿಂತಿತು. ಅವನು ಸುರಕ್ಷತೆಯ ಬಗ್ಗೆ ಭಾಷಣ ಮಾಡಲಿಲ್ಲ. ನೀವೂ ಅಂಗಳದಲ್ಲಿ ಮಳೆಗೆ ಸಿಕ್ಕಿದ ಒಂದು ಗೋಟು (ಸಿಪ್ಪೆ ಸುಲಿಯದ ಒಣ ಅಡಿಕೆ), ಡ್ರೈಯರ್‌ನಲ್ಲಿ ಒಣಗಿದ ಒಂದು ಗೋಟು ತೆಗೆದುಕೊಂಡು, ಅಡಕತ್ತರಿಯಿಂದ ಮೊದಲೇ ಎರಡು ಹೋಳು ಮಾಡಿ ಅಂಗೈಯಲ್ಲಿಟ್ಟುಕೊಂಡು ಹೋಗಿ. "ಬೂಷ್ಟು" ಎನ್ನುವಾಗ ಎಡಗೈ ತೆರೆಯಿರಿ. ಅಡಕತ್ತರಿಯನ್ನು ಮಾತ್ರ ಕೋಣೆಯಲ್ಲಿಯೇ ಬಿಡಿ, ಬಾಗಿಲಿನ ಭದ್ರತಾ ಸಿಬ್ಬಂದಿಗೆ ಇನ್ನೊಂದು ಪಿಚ್ ಕೊಡಬೇಕಾದೀತು. ವಸ್ತುಗಳನ್ನು ತೋರಿಸಲು ನಿಯಮದಲ್ಲಿ ಅವಕಾಶವಿದೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ಪಿಎಚ್‌ಡಿ ವಿದ್ಯಾರ್ಥಿಗಳ ಮೂರು ನಿಮಿಷದ ಪ್ರಬಂಧ ಸ್ಪರ್ಧೆಯಂಥ ಕಡೆ ಅದು ನಿಷಿದ್ಧ.

ಭಾಷೆಯ ಪ್ರಶ್ನೆಗೆ ನನ್ನ ಉತ್ತರ: ಕೇಳುವವರಿಗೆಲ್ಲ ಕನ್ನಡ ಬರುತ್ತದೆಯೇ ಎಂದು ಸಂಘಟಕರನ್ನು ವಿಚಾರಿಸಿ. ಬರುವುದಾದರೆ ಕನ್ನಡದಲ್ಲಿಯೇ ಹೇಳಿ. ಒಬ್ಬರಿಗೆ ಬಾರದಿದ್ದರೂ ಇಂಗ್ಲಿಷಿನಲ್ಲಿ ಸಣ್ಣ ವಾಕ್ಯಗಳನ್ನು ಬರೆದುಕೊಳ್ಳಿ, "ಚಾಲಿ"ಯನ್ನು ಚಾಲಿ ಎಂದೇ ಹೇಳಿ.

ಹೊಳೆಸಾಲು:

ಎಲ್ಲರಿಗೂ ಧನ್ಯವಾದ. ತೋಟಿಗರ ಪ್ರಶ್ನೆಗೆ ಉತ್ತರ: ಯಂತ್ರ ಚಾಲಿಗಾಗಿಯೇ. ಮೊದಲ ಕಂತಿಗೆ ಹಿಂದಿನ ವರ್ಷದ ಒಣಸಿಪ್ಪೆಯನ್ನು ಮಳೆ ತಾಗದಂತೆ ಕೂಡಿಟ್ಟುಕೊಳ್ಳಬೇಕು. ಹೊಸದಾಗಿ ಕೊಂಡವರಿಗೆ ತೆಂಗಿನ ಸಿಪ್ಪೆಯೂ ಆಗುತ್ತದೆ. ಜಾಯಿಕಾಯಿಯನ್ನು ನಾವು ಇನ್ನೂ ಒಣಗಿಸಿ ನೋಡಿಲ್ಲವಾದ್ದರಿಂದ ಅದನ್ನು ಹೇಳುವುದಿಲ್ಲ, ಸಹಕಾರ ಸಂಘದ ಬಾಡಿಗೆ ದಾರಿಯನ್ನು ಹೇಳುತ್ತೇವೆ. ಉಳಿದಿರುವುದು ಒಂದೇ ಸಂದೇಹ: ನಡುವೆಯೇ ಯಾರಾದರೂ ತಡೆದು ಪ್ರಶ್ನೆ ಕೇಳಿದರೆ ಮಾತು ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಅರಳೀಕಟ್ಟೆ:

ನಿಲ್ಲಿಸಿ. ಒಂದೇ ವಾಕ್ಯದಲ್ಲಿ ಉತ್ತರಿಸಿ, ನಿಮಗೆ ಬೇಕಾದದ್ದನ್ನು ಹೇಳುವ ಕೊನೆಯ ವಾಕ್ಯಕ್ಕೆ ನೇರವಾಗಿ ಜಿಗಿಯಿರಿ. ನಡುವಿನ ಭಾಗ ತಪ್ಪಿಹೋದರೆ ಚಿಂತೆಯಿಲ್ಲ, ಪ್ರಶ್ನೆ ಕೇಳಿದವರು ಅದನ್ನು ಆಮೇಲೆ ತಾವಾಗಿಯೇ ಕೇಳುತ್ತಾರೆ. ಸಿಪ್ಪೆಯ ಉತ್ತರವನ್ನು ಪಿಚ್‌ಗೆ ಸೇರಿಸಬೇಡಿ, ಜೇಬಿನಲ್ಲಿಟ್ಟುಕೊಂಡಿರಿ.